ಅಕ್ಕನ ಹೆಸರಿನಲ್ಲಿ ಕಟ್ಟಿದ ದಾರಿ

ಸುಳ್ಳು ಹೇಳಬೇಕೆಂದು ನಾನು ಆ ಸಭೆಗೆ ಹೋಗಿರಲಿಲ್ಲ. ನಕ್ಷೆಯ ಸುರುಳಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬೆಟಗೇರಿಯಿಂದ ಗದಗಿನ ಅರಣ್ಯ ಇಲಾಖೆಯ ಕಚೇರಿಗೆ ಹೋಗುವಾಗ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಇಳಿಜಾರು ಎಷ್ಟು ನಿಧಾನವಾಗಿ ಏರಬೇಕು, ತಿರುವಿನಲ್ಲಿ ಗಾಲಿಕುರ್ಚಿ ತಿರುಗಿಸಲು ಎಷ್ಟು ಜಾಗ ಬಿಡಬೇಕು, ದಾರಿಯ ಬದಿಯ ಕೈಹಿಡಿ ಯಾಕೆ ಎರಡು ಎತ್ತರದಲ್ಲಿರಬೇಕು. ಎಲ್ಲವೂ ನಿಜವಾದ ಸಂಗತಿಗಳೇ. ಅವುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ನಾನು ಕಟ್ಟಡಗಳ ವಿನ್ಯಾಸ ಮಾಡುವವಳು. ಬೆಟಗೇರಿಯಲ್ಲಿ, ಕೆಳಗೆ ಸೀರೆ ಅಂಗಡಿಯಿರುವ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ನನ್ನ ಆಫೀಸು. ಮನೆಗಳು, ಒಂದೆರಡು ಕಲ್ಯಾಣ ಮಂಟಪ, ಶಾಲೆಯ ಕೋಣೆಗಳು, ಇಂಥವೇ ನನ್ನ ಪಾಲಿನ ಕೆಲಸ. ಕಪ್ಪತಗುಡ್ಡದ ಮುಂಡರಗಿ ಮಗ್ಗುಲಿನ ಕಾಡಿನಲ್ಲಿ ಪ್ರವಾಸಿಗರಿಗಾಗಿ ಗಾಡಿ ನಿಲ್ಲಿಸುವ ಜಾಗ, ಟಿಕೆಟ್ ಕೋಣೆ, ಶೌಚಾಲಯ, ಮೇಲಿನ ಬಂಡೆಯವರೆಗೆ ಒಂದು ದಾರಿ ಮತ್ತು ಅಲ್ಲಿ ನಿಂತು ನೋಡಲು ಒಂದು ಕಟ್ಟೆ ಮಾಡಬೇಕೆಂದಿದ್ದಾರೆ ಎಂದು ಕೇಳಿದ ದಿನದಿಂದ ಆ ಕೆಲಸ ನನಗೇ ಸಿಗಬೇಕೆಂದು ಹಟ ಹುಟ್ಟಿತ್ತು. ಮುಂಡರಗಿ ನಮ್ಮೂರು. ಅಪ್ಪನ ಕಾಳುಕಡಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಆ ಗುಡ್ಡವನ್ನು ನೋಡುತ್ತಲೇ ನಾವು ಬೆಳೆದದ್ದು.

ನನ್ನ ನಕ್ಷೆಯಲ್ಲಿ ಮೆಟ್ಟಿಲುಗಳಿರಲಿಲ್ಲ. ದಾರಿ ಗುಡ್ಡದ ಮೈಯನ್ನು ಬಳಸಿಕೊಂಡು, ಹಾವಿನಂತೆ ನಿಧಾನವಾಗಿ ಮೇಲೇರುತ್ತಿತ್ತು. ಕೋಲು ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಗಾಲಿಕುರ್ಚಿಯವರು ಎಲ್ಲರೂ ಹೋಗುವಂಥ ದಾರಿ. ಸಭೆಯಲ್ಲಿದ್ದ ಒಬ್ಬ ಹಿರಿಯರು ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ನಕ್ಕರು.

"ಎಲ್ಲಾ ಚೊಲೊ ಐತ್ರಿ ಮೇಡಮ್ಮರ. ಆದ್ರ ಗುಡ್ಡ ಅಂದಮ್ಯಾಲ ಗುಡ್ಡರಿ. ಕಾಲಿಲ್ಲದವ್ರು ಗುಡ್ಡಕ್ಕ ಯಾಕ ಬರ್ತಾರ? ಸೀದಾ ಪಾವಟಿಗಿ ಹಾಕಿಬಿಡ್ರಿ, ಜಲ್ದಿ ಮುಗೀತತಿ."

ಉಳಿದವರೂ ನಕ್ಕರು. ಲಕ್ಷ್ಮೇಶ್ವರದ ಕಡೆಯ, ಮೆಲುಮಾತಿನ ಅರಣ್ಯಾಧಿಕಾರಿಯೊಬ್ಬರು ಮಾತ್ರ ನಗದೆ ನನ್ನ ಮುಖ ನೋಡಿದರು. ಅವರಿಗೆ ನನ್ನ ದಾರಿ ಇಷ್ಟವಾಗಿತ್ತು, ಆದರೆ ಅದರ ಪರವಾಗಿ ಹೇಳಲು ಮಾತು ಬೇಕಾಗಿತ್ತು. ನಾನು ಜೋಡಿಸಿಕೊಂಡು ಬಂದಿದ್ದ ಇಳಿಜಾರು, ತಿರುವು, ಕೈಹಿಡಿಗಳೆಲ್ಲ ಆ ನಗೆಯಲ್ಲಿ ಚೆದುರಿಹೋದವು.

"ನಮ್ಮಕ್ಕ ಬರ್ತಾಳ್ರಿ," ಎಂದೆ.

ಅಲ್ಲಿಂದ ಕಥೆ ತಾನಾಗಿ ಹೊರಟಿತು. ನಮ್ಮಕ್ಕನಿಗೆ ಸಣ್ಣವಳಿದ್ದಾಗ ಪೋಲಿಯೊ ಆಯಿತು. ಪ್ರತಿ ಶ್ರಾವಣದಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದೆವು. ನಾವೆಲ್ಲ ಮೇಲೆ ಹತ್ತುತ್ತಿದ್ದೆವು, ಅಕ್ಕ ಕೆಳಗೆ ಬೇವಿನ ಗಿಡದ ನೆರಳಲ್ಲಿ ಎಲ್ಲರ ಚಪ್ಪಲಿ, ಚೀಲ ಕಾಯುತ್ತ ಕೂಡುತ್ತಿದ್ದಳು. ಇಲ್ಲಿಯವರೆಗೆ ಹೇಳಿದ್ದು ಖರೆ. ಆಮೇಲೆ ಹೇಳಿದ್ದು ಖರೆಯಲ್ಲ. ಒಂದು ಸಲ ನಾವು ಇಳಿದು ಬಂದಾಗ ಅವಳು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳೆಂದೂ, "ಅಪ್ಪಾ, ನನ್ನೂ ಒಮ್ಮೆ ಮ್ಯಾಲ ಕರಕೊಂಡು ಹೋಗೋ" ಎಂದು ಅಪ್ಪನ ಧೋತರ ಹಿಡಿದು ಕೇಳಿದಳೆಂದೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲೇ ನೀರು ಬಂತು. ಅದು ನಾಟಕದ ನೀರಲ್ಲ. ಅದೇ ನನ್ನನ್ನು ಈಗಲೂ ಹೆದರಿಸುವ ಸಂಗತಿ.

ಅರಣ್ಯಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕಿದ್ದ ಹಿರಿಯರು ಮೇಜಿನ ಮೇಲಿನ ನಕ್ಷೆಯನ್ನು ನನ್ನ ಕಡೆ ಸರಿಸಿ, "ಆತ್ರಿ ಯವ್ವಾ, ಮಾಡ್ರಿ ಹಂಗಾರ," ಎಂದರು.

ಹೊರಗೆ ಬಂದು ಸ್ಕೂಟರ್ ಚಾಲೂ ಮಾಡುವಾಗ ಖುಷಿಯಾಗಿದ್ದೆ. ದಾರಿಯಲ್ಲಿ, ಅಕ್ಕ ನಿಜವಾಗಿ ಏನು ಮಾಡುತ್ತಿದ್ದಳು ಆ ಗಿಡದ ಕೆಳಗೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಗುಡ್ಡದ ಮೇಲಿನ ಗಾಳಿ ನೆನಪಿತ್ತು, ಲಂಗದ ತುಂಬ ಕಿತ್ತುಕೊಂಡು ಬಂದ ಎಳೆಯ ಸೀತಾಫಲ ನೆನಪಿತ್ತು, ಕಾರೆಮುಳ್ಳು ಹರಿದ ಅಂಗಾಲಿನ ಉರಿಯೂ ನೆನಪಿತ್ತು. ಅಕ್ಕನ ಮುಖ ಮಾತ್ರ ಇಲ್ಲ. ಇಳಿದು ಬಂದಾಗ ಅವಳ ಮುಖವನ್ನು ನಾನು ಒಮ್ಮೆಯಾದರೂ ನೋಡಿದ್ದರೆ ತಾನೇ ನೆನಪಿರುವುದು?

ಅಕ್ಕ ಅಳುವ ಪೈಕಿಯವಳಲ್ಲ. ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಮೊದಲು ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಾಗ, ಅದರ ಸಪ್ಪಳ ಕಾರಿಡಾರಿನಲ್ಲಿ ಕೇಳಿದರೆ ಸಾಕು, ಇಡೀ ವರ್ಗ ತೆಪ್ಪಗಾಗುತ್ತಿತ್ತಂತೆ. ಊರುಗೋಲು ಹಿಡಿದು ಹಿಡಿದು ಭುಜ ಸವೆದ ಮೇಲೆ ಈಗ ಗಾಲಿಕುರ್ಚಿ. ಅಕ್ಕನ ಗಂಡ, ನಮ್ಮ ಮಾಮಾ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಆ ಕುರ್ಚಿಯ ಗಾಲಿ, ಬ್ರೇಕು ಎಲ್ಲವನ್ನೂ ಬಿಚ್ಚಿ ತಮಗೆ ಬೇಕಾದ ಹಾಗೆ ಮಾಡಿದ್ದಾರೆ. ಅಕ್ಕ ಅದಕ್ಕೆ ಗಾಡಿ ಎನ್ನುತ್ತಾಳೆ.

ಕೆಲಸ ಶುರುವಾಗುವ ಮೊದಲು ಒಂದು ಭಾನುವಾರ ಅವಳ ಮನೆಗೆ ಹೋದೆ.

"ಅಕ್ಕಾ, ನಿನ್ನ ಗಾಡಿ ಬೇಕಾಗಿತ್ತು. ಸಂಜೀತನಕ."

"ಅಲ್ಲೀತನಕ ನಾ ಕುಂತಲ್ಲೇ ಕುಂತಿರ್ಲೇನು ದೇವರಂಗ?"

"ಗುಡ್ಡಕ್ಕ ದಾರಿ ಮಾಡಾಕತ್ತೀವಿ. ಗಾಡಿ ಹೊಳ್ಳಾಕ ಎಷ್ಟ ಜಾಗಾ ಬೇಕು ನೋಡಬೇಕು."

ಅವಳು ಮಂಚಕ್ಕೆ ಸರಿದು ಕೂತು ಗಾಡಿ ಕೊಟ್ಟಳು. ನಾನು ಅದನ್ನು ಆಫೀಸಿನ ಮಾಳಿಗೆಗೆ ಒಯ್ದು, ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ನಾನೇ ಕೂತು, ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಗಾಡಿಯ ಅಳತೆಯನ್ನೆಲ್ಲ ತೆಗೆದುಕೊಂಡೆ. ಗಾಡಿಯಲ್ಲಿ ಕೂಡುವವಳನ್ನು ಒಂದು ಮಾತೂ ಕೇಳಲಿಲ್ಲ. ಸಂಜೆ ವಾಪಸು ಒಯ್ದಾಗ ಅವಳೇ ಕೇಳಿದಳು.

"ನಾನೂ ಒಮ್ಮೆ ಬರ್ಲೇನು, ಜಾಗಾ ನೋಡಾಕ?"

"ಈಗ ಬ್ಯಾಡಕ್ಕಾ, ಬರೇ ಕಲ್ಲು ಮಣ್ಣು ಬಿದ್ದೈತಿ. ಮುಗದಮ್ಯಾಲ ಬರುವಂತಿ, ಚೊಲೊ ಕಾಣ್ತತಿ."

"ಆತು," ಎಂದಳು. ಮತ್ತೆ ಕೇಳಲಿಲ್ಲ.

ಕಲ್ಲು ಮಣ್ಣು ನೆಪ. ಅವಳು ಬಂದರೆ ಆ ಅಧಿಕಾರಿಗಳ ಎದುರು ಬೀಳುತ್ತಾಳೆ, ನನ್ನ ಕಥೆ ಅವಳ ಕಿವಿಗೆ ಹೋಗುತ್ತದೆ ಎಂಬ ಅಂಜಿಕೆ ನನಗೆ. ಇನ್ನೊಂದು ಕಾರಣವನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವಳು ಬಂದರೆ ತಪ್ಪು ತೆಗೆಯುತ್ತಾಳೆ. ತಪ್ಪು ತೆಗೆಯುವುದು ಅವಳ ಕಸುಬು.

ಮಳೆಗಾಲ ಮುಗಿದು ಹುಲ್ಲು ಹಣ್ಣಾಗುವ ಹೊತ್ತಿಗೆ ಕೆಲಸ ಶುರುವಾಯಿತು. ದಿನ ಬಿಟ್ಟು ದಿನ ಹೋಗುತ್ತಿದ್ದೆ. ಒಂದು ಗಿಡವನ್ನೂ ಕಡಿಯದಂತೆ ದಾರಿಯನ್ನು ಸುತ್ತಿಸಿದೆ. ಕೈಹಿಡಿಗೆ ಬಿಸಿಲಲ್ಲಿ ಕಾಯುವ ಕಬ್ಬಿಣ ಬೇಡ, ಕಟ್ಟಿಗೆಯೇ ಬೇಕೆಂದು ಗುತ್ತಿಗೆದಾರರ ಜೊತೆ ಜಗಳವಾಡಿದೆ. ಕಟ್ಟೆಯ ಕಲ್ಲು ಗುಡ್ಡದ ಬಣ್ಣಕ್ಕೆ ಹೊಂದಲಿಲ್ಲವೆಂದು ಒಂದು ಲಾರಿ ಕಲ್ಲನ್ನು ವಾಪಸು ಕಳಿಸಿದೆ. ನನ್ನ ಮೊದಲ ನಕ್ಷೆಯಲ್ಲಿ ದಾರಿಯ ನಡುವೆ ಒಂದು, ಕೆಳಗೆ ಒಂದು, ಹೀಗೆ ಎರಡು ಕಡೆ ಶೌಚಾಲಯಗಳಿದ್ದವು. ಮೇಲಕ್ಕೆ ನೀರು ಏರಿಸುವುದು ಕಷ್ಟ ಎಂಬ ಮಾತು ಬಂತು. "ಹಂಗಾರ ನಡುವಿಂದು ಬಿಡೂಣ್ರಿ," ಎಂದು ನಾನೇ ಹೇಳಿದೆ. ಕಲ್ಲಿನ ಬಣ್ಣಕ್ಕೆ ಮಾಡಿದ ಜಗಳದ ಕಾಲು ಭಾಗವನ್ನೂ ಅದಕ್ಕಾಗಿ ಮಾಡಲಿಲ್ಲ. ಮೇಲಿನ ಕಟ್ಟೆ ಫೋಟೊದಲ್ಲಿ ಬರುತ್ತದೆ, ಶೌಚಾಲಯದ ಫೋಟೊ ಯಾರು ತೆಗೆಯುತ್ತಾರೆ?

ಕೆಳಗಿನ ಶೌಚಾಲಯದ ಸಾಲಿನಲ್ಲಿ ಕೊನೆಯದೊಂದು ಅಗಲವಾದ ಕೋಣೆ. ಗಾಲಿಕುರ್ಚಿಯವರಿಗೆ. ಅದರ ಬಾಗಿಲು ಹೊರಗೆ ತೆರೆಯಬೇಕೆಂದು ಬರೆದಿದ್ದೆ. ಹೊರಗೆ ತೆರೆದರೆ ಓಡಾಡುವವರಿಗೆ ಬಡಿಯುತ್ತದೆಂದು ಕೆಲಸದವರು ಒಳಗೆ ತೆರೆಯುವಂತೆ ಕೂರಿಸಿದರು. ನೋಡಿದೆ. ಆಮೇಲೆ ಸರಿ ಮಾಡಿಸಿದರಾಯಿತು ಎಂದುಕೊಂಡು ಮೇಲೆ ಕಟ್ಟೆಯ ಕಡೆ ಹತ್ತಿದೆ.

ಉದ್ಘಾಟನೆ ಚಳಿಗಾಲದ ಒಂದು ಬೆಳಿಗ್ಗೆ. ಸಣ್ಣ ಶಾಮಿಯಾನ, ಒಂದು ಮೈಕು, ಸುತ್ತಲಿನ ಹಳ್ಳಿಗಳ ಜನ. ಹಿರೇವಡ್ಡಟ್ಟಿಯಿಂದ ಟ್ರ್ಯಾಕ್ಟರಿನಲ್ಲಿ ಬಂದವರೂ ಇದ್ದರು. ನಾನು ಬೆಳಕು ಹರಿಯುವಾಗಲೇ ಅಲ್ಲಿದ್ದೆ. ಬೇಕಾದದ್ದಕ್ಕಿಂತ ಹೆಚ್ಚು ಕುರ್ಚಿ ಬಂದಿದ್ದವು, ನೀರಿನ ಬಾಟಲಿಯ ಡಬ್ಬಗಳು, ಬ್ಯಾನರಿನ ಬಿದಿರುಗಳು ಎಲ್ಲ ಕಾಲಿಗೆ ತೊಡಕುತ್ತಿದ್ದವು. ಕೆಲಸದವರೊಬ್ಬರು ಬಂದು ಕೇಳಿದರು.

"ಇವನ್ನ ಎಲ್ಲಿ ಇಡೂಣ್ರಿ ಮೇಡಮ್ಮರ?"

ನಾನು ಕೊನೆಯ ಕೋಣೆಯ ಕಡೆ ಬೆರಳು ಮಾಡಿದೆ. "ಅಲ್ಲಿ ಒಟ್ಟಿಬಿಡ್ರಿ, ಆ ದೊಡ್ಡ ಖೋಲ್ಯಾಗ. ಇವತ್ತ ಅದರಾಗ ಯಾರು ಹೋಗ್ತಾರ?"

ಅಕ್ಕ, ಮಾಮಾ ವ್ಯಾನಿನಲ್ಲಿ ಬಂದರು. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು, ಮುಡಿಯಲ್ಲಿ ಸೇವಂತಿಗೆ. ಅರಣ್ಯಾಧಿಕಾರಿ ಕಾಯುತ್ತಿದ್ದವರಂತೆ ಎದುರುಗೊಂಡು ಕೈಮುಗಿದರು. ಮೊದಲ ಸಾಲಿನಲ್ಲಿ ಒಂದು ಕುರ್ಚಿ ತೆಗೆಸಿ ಅವಳ ಗಾಡಿಗೆ ಜಾಗ ಮಾಡಿಸಿದರು. ಚಹಾ ಬಂತು, ಅಕ್ಕ ಬೇಡವೆಂದಳು. ನೀರಿನ ಬಾಟಲಿ ಕೊಟ್ಟರು, ತೆಗೆದುಕೊಂಡು ಮಾಮಾನ ಕೈಗೆ ಕೊಟ್ಟಳು. ನಾನು ಅದನ್ನು ನೋಡಿದೆ. ನೋಡಿದೆ ಅಷ್ಟೇ.

ಆಮೇಲೆ ಅವರು ಮೈಕು ಹಿಡಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಈ ದಾರಿ ಯಾಕ ಹಿಂಗ ಆತು ಅಂದ್ರ, ಅದಕ್ಕ ಒಬ್ಬ ಅಕ್ಕೋರ ಕಣ್ಣೀರು ಕಾರಣರಿ. ಸಣ್ಣಾಕಿ ಇದ್ದಾಗ ಇದ ಗುಡ್ಡದ ಬುಡಕ ಕುಂತು, ಅಪ್ಪನ ಧೋತರ ಹಿಡಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ರಂತ, ನನ್ನೂ ಮ್ಯಾಲ ಕರಕೊಂಡು ಹೋಗು ಅಂತ. ಅವ್ರು ಇವತ್ತ ನಮ್ಮ ಮುಂದ ಕುಂತಾರ."

ಜನವೆಲ್ಲ ಕತ್ತು ಹೊರಳಿಸಿ ನೋಡಿದರು. ಕೆಲವು ಹೆಂಗಸರು "ಅಯ್ಯ ಪಾಪ" ಎಂದದ್ದು ನನಗೆ ಕೇಳಿಸಿತು. ಅಕ್ಕ ಹಿಂದೆ ಹೊರಳಿ ನನ್ನನ್ನು ಹುಡುಕಲಿಲ್ಲ. ನೆಟ್ಟಗೆ ಕೂತು, ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದಳು. ರಿಬ್ಬನ್ ಕತ್ತರಿಸಲು ಅವಳನ್ನೇ ಕರೆದರು. ಕತ್ತರಿಸಿದಳು.

ಮಾಮಾ ಗಾಡಿ ತಳ್ಳುತ್ತ, ನಾನು ಪಕ್ಕದಲ್ಲಿ ನಡೆಯುತ್ತ ಮೇಲೆ ಹೋದೆವು. ದಾರಿ ನಾನಂದುಕೊಂಡ ಹಾಗೆಯೇ ಏರಿತು, ಎಲ್ಲಿಯೂ ಗಾಡಿ ತಡೆಯಲಿಲ್ಲ. ಮೇಲಿನ ಕಟ್ಟೆಯಿಂದ ಕಡಲೆಯ ಹೊಲಗಳು, ಬಿಳಿಜೋಳದ ತೆನೆ, ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು, ಬಹಳ ದೂರದಲ್ಲಿ ತುಂಗಭದ್ರೆಯ ನೀರು ಮಿಂಚಿದ್ದು ಎಲ್ಲ ಕಾಣುತ್ತಿತ್ತು. ಈಗ ಅವಳ ಮುಖ ಅರಳುತ್ತದೆ, ಆಗ ನನ್ನ ಸುಳ್ಳು ಮಾಫ್ ಆಗುತ್ತದೆ ಎಂದು ಕಾದೆ.

"ಹೆಂಗೈತಕ್ಕಾ?"

"ಗಾಳಿ ಜೋರ ಐತಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಡೀರಿ, ಕೆಳಗ ಹೋಗೂಣು."

ಕೆಳಗೆ ಬಂದಾಗ ಯಾರೋ ನನ್ನನ್ನು ಫೋಟೊಗೆ ಕರೆದರು. ಅಕ್ಕ ತಾನೇ ಗಾಲಿ ತಿರುಗಿಸಿಕೊಂಡು ಟಿಕೆಟ್ ಕೋಣೆಯ ಹಿಂದಕ್ಕೆ ಹೋದದ್ದು, ಬೇಗನೆ ಹೊರಳಿ ಬಂದದ್ದು ಕಣ್ಣಂಚಿನಲ್ಲಿ ಕಂಡಿತು. ಫೋಟೊ ಮುಗಿಸಿ ಬರುವಷ್ಟರಲ್ಲಿ ಅವಳನ್ನು ವ್ಯಾನಿಗೆ ಹತ್ತಿಸುತ್ತಿದ್ದರು.

"ಊಟ ಮಾಡಕೊಂಡು ಹೋಗ್ರಿ, ಮಾದೇಲಿ ಮಾಡ್ಸೀವಿ," ಎಂದೆ.

"ಬ್ಯಾಡವಾ, ಮನಿಗೆ ಹೋಗ್ತೀವಿ," ಎಂದಳು. ಸಿಟ್ಟಿನ ದನಿಯಲ್ಲ. ಅವಸರದ ದನಿ. ಆ ಅವಸರ ಎಂಥದ್ದೆಂದು ನನಗೆ ಆಗ ಹೊಳೆಯಲಿಲ್ಲ.

ಆ ವಾರವೆಲ್ಲ ಅವಳು ಫೋನ್ ಮಾಡಲಿಲ್ಲ, ನನಗೂ ಮಾಡುವ ಧೈರ್ಯವಾಗಲಿಲ್ಲ. ಭಾನುವಾರ ಹೋದೆ. ಪಡಸಾಲೆಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಮಾಮಾ ನನ್ನನ್ನು ನೋಡಿ, ಚಹಾಕ್ಕಿಡುತ್ತೇನೆಂದು ಅಡುಗೆಮನೆಗೆ ಹೋದರು. ಅಕ್ಕ ಪೆನ್ನಿನ ಟೊಪ್ಪಿಗೆ ಮುಚ್ಚಿ ಕೇಳಿದಳು.

"ನಾ ಯಾವಾಗ ಅತ್ತಿದ್ದೆ?"

ಚಪ್ಪಲಿ ಬಿಡುತ್ತಿದ್ದವಳು ಹೊಸ್ತಿಲಲ್ಲೇ ನಿಂತೆ.

"ಕೇಳಾಕತ್ತೀನಿ. ಯಾವಾಗ ಅತ್ತೆ ನಾನು, ಅಪ್ಪನ ಧೋತರ ಹಿಡಕೊಂಡು? ಅಪ್ಪ ಪ್ಯಾಂಟ್ ಹಾಕ್ತಿದ್ದಾ, ಅದೂ ನೆನಪಿಲ್ಲೇನು ನಿನಗ?"

"ಸಭಾದಾಗ ಎಲ್ಲಾರೂ ನಕ್ರಕ್ಕಾ. ದಾರಿ ಬ್ಯಾಡ, ಪಾವಟಿಗಿ ಮಾಡ್ರಿ ಅಂದ್ರು. ಅದಕ್ಕ..."

"ಅದಕ್ಕ ನನ್ನ ಅಳಸಿದಿ."

ಅವಳು ದನಿ ಏರಿಸಲಿಲ್ಲ. ವರ್ಗದಲ್ಲಿ ವಿವರಿಸುವ ಹಾಗೆ, ನಿಧಾನವಾಗಿ, ಆ ಬೇವಿನ ಗಿಡದ ಕೆಳಗಿನ ದಿನಗಳನ್ನು ಹೇಳಿದಳು. ಇದನ್ನು ಬರೆಯಲೇನು ಎಂದು ಅವಳನ್ನು ಕೇಳಿಯೇ ಬರೆದಿದ್ದೇನೆ. ಬರೆದದ್ದನ್ನು ಓದಿ ಎರಡು ಕಡೆ ತಿದ್ದಿದವಳೂ ಅವಳೇ. ಆ ಗಿಡದ ಕೆಳಗೆ, ಗುಡ್ಡದ ದೇವರಿಗೆ ಬರುವವರಿಗೆ ಕಾಯಿ ಕರ್ಪೂರ ಮಾರುವ ಒಬ್ಬ ಮುದುಕನಿದ್ದ. ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಹುಲಿ-ಕುರಿ ಆಟ ಕಲಿಸಿದ್ದ. ಮೊದಲ ವರ್ಷ ಅವಳು ಸೋತಳು. ಮುಂದಿನ ವರ್ಷ ಅವನ ಹುಲಿಗಳನ್ನೆಲ್ಲ ಕಟ್ಟಿಹಾಕಿದಳು. ಆಮೇಲೆ ಪ್ರತಿ ಶ್ರಾವಣದಲ್ಲಿ ಅವನು, "ಬಂದ್ಲಪಾ ನನ್ನ ಹುಲಿ ಕೊಲ್ಲಾಕಿ" ಎಂದು ದೂರದಿಂದಲೇ ಕೂಗುತ್ತಿದ್ದನಂತೆ. ಸುತ್ತ ಜನ ನೆರೆದು ನೋಡುತ್ತಿದ್ದರಂತೆ. ನಾವು ಮೇಲಿಂದ ಬೆವರು ಒರೆಸಿಕೊಂಡು ಇಳಿದು ಬರುವಾಗ ಅವಳಿಗೆ ಇಷ್ಟು ಬೇಗ ಯಾಕೆ ಬಂದರಪ್ಪ ಅನಿಸುತ್ತಿತ್ತಂತೆ.

"ಊರಾಗ ಎಲ್ಲಾರಿಗೂ ನಾ ಕಾಲಿಲ್ಲದಾಕಿ. ಅಲ್ಲಿ ನಾ ಹುಲಿ ಕೊಲ್ಲಾಕಿ ಆಗಿದ್ದೆ," ಎಂದಳು. "ಅದನ್ನ ಕಸಗೊಂಡಿ ನೀನು. ಇನ್ನ ಆ ಕಡೆ ಹೋದ್ರ ಮಂದಿ ಪಾಪ ಅಂತಾರ."

ಮಾಮಾ ಚಹಾ ತಂದಿಟ್ಟು ಒಳಗೆ ಹೋದರು. ಅಕ್ಕ ತಿದ್ದಿದ ಪತ್ರಿಕೆಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟಳು.

"ತ್ರಾಸ ಒಂದ ಇತ್ತು. ಅದನ್ನ ನೀ ಕೇಳಲಿಲ್ಲ. ಮ್ಯಾಲ ಹೋಗೂದು ಬಿಡೂದು ಅಲ್ಲ. ಒಂದಕ್ಕ ಹೋಗೂದು. ಅವ್ವ ನನ್ನ ಎರಡೂ ರಟ್ಟಿ ಹಿಡದು ಪೊದಿ ಹಿಂದ ಕುಂದರಸಬೇಕಾಗಿತ್ತು. ಆಕೀನ ನಡ ಹಿಡೀತಿತ್ತು. ಒಮ್ಮೆ ಇಬ್ಬರೂ ಮುಳ್ಳಿನಾಗ ಬಿದ್ವಿ. ಅವತ್ತಿನಿಂದ, ಹೊರಗ ಹೊಂಟೇವಿ ಅಂದ್ರ ಹಿಂದಿನ ದಿನ ಸಂಜೀನ ನೀರು ಕುಡಿಯೂದು ಬಿಡ್ತಿದ್ದೆ."

"ಈಗೂ?"

"ಈಗೂ. ಮದಿವಿ, ಸಾಲಿ ಮೀಟಿಂಗು, ಎಲ್ಲಿ ಹೋದ್ರೂ. ಡಾಕ್ಟರು ಬೈತಾರ, ಏನ್ ಮಾಡೂದು? ನಿನ್ನ ಕಾರ್ಯಕ್ರಮಕ್ಕೂ ಹಂಗ ಬಂದಿದ್ದೆ. ಕೆಳಗ ಬಂದಾಗ ಖೋಲಿ ಐತೆಲ್ಲಾ, ನನ್ನ ತಂಗಿ ಮಾಡಿದ್ದು, ಹೋಗಿ ಬರೂಣು ಅಂತ ಹೋದೆ. ಬಾಗಲಾ ದಬ್ಬಿದ್ರ ಕುರ್ಚಿ, ನೀರಿನ ಡಬ್ಬಿ ಮಾಳಿಗಿ ಮುಟ್ಟಿದ್ವು. ಮುಚ್ಚಿ ಬಂದೆ." ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದಳು. "ಕೆಲಸದವ್ರು ಇಟ್ಟಿರಬೇಕು. ಅವ್ರಿಗೇನು ಗೊತ್ತಾಗ್ತತಿ ಬಿಡು."

ಆ ಮಾತಿನಲ್ಲಿ ನನಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. ಚಹಾ ಕುಡಿದೆ. ಮಕ್ಕಳ ಪರೀಕ್ಷೆ ಬಗ್ಗೆ ಏನೋ ಕೇಳಿದೆ. ಹೊರಡುತ್ತೇನೆಂದು ಎದ್ದೆ. ಗೇಟಿನವರೆಗೆ ಹೋಗಿ, ಚಿಲಕ ತೆಗೆದು, ಮತ್ತೆ ಒಳಗೆ ಬಂದೆ.

"ಅಕ್ಕಾ, ಅಲ್ಲಿ ಇಡ್ರಿ ಅಂದಾಕಿ ನಾನ."

"ಗೊತ್ತೈತಿ," ಎಂದಳು ಅವಳು, ಪತ್ರಿಕೆಯಿಂದ ತಲೆ ಎತ್ತದೆ. "ನಿಮ್ಮ ಮಾಮಾ ಅವತ್ತ ಅಲ್ಲಿದ್ದವ್ರನ್ನ ಕೇಳಿದ್ರು. ನೀ ಹೇಳ್ತೀಯೋ ಇಲ್ಲೋ ನೋಡಾಕತ್ತಿದ್ದೆ."

"ತಪ್ಪಾತಕ್ಕಾ."

"ತಪ್ಪಾತು ಅಂದ್ರ ನಿನಗ ಹಗುರಾಗ್ತತಿ. ನನಗೇನಾಗ್ತತಿ? ಹೋಗು, ಆ ಬಾಗಲಾ ಹೊರಗ ತೆರಿಯೂವಂಗ ಮಾಡ್ಸು. ಒಳಗ ತೆರದ್ರ ಗಾಡಿ ಹೊಕ್ಕಮ್ಯಾಲ ಮುಚ್ಚಾಕ ಬರಂಗಿಲ್ಲ."

ಮರುದಿನವೇ ಅರಣ್ಯಾಧಿಕಾರಿಯವರ ಬಳಿ ಹೋದೆ. ಬಾಗಿಲಿನ ಮಾತು, ನಡುದಾರಿಯ ಶೌಚಾಲಯದ ಮಾತು ಮೊದಲು ಹೇಳಿದೆ. ಟ್ಯಾಂಕರಿನಿಂದ ತುಂಬಿಸುವ ಒಂದು ತೊಟ್ಟಿಯಿಟ್ಟರೆ ನೀರಿನ ತೊಂದರೆ ನೀಗುತ್ತದೆಂದು ವಿವರಿಸಿದೆ. ಅಷ್ಟು ಸರಳವಾದದ್ದು ಮೊದಲು ಹೊಳೆಯಲಿಲ್ಲವೆಂದಲ್ಲ, ಹುಡುಕಿರಲಿಲ್ಲ. ಅವರು ಒಪ್ಪಿದರು. ಎದ್ದು ಬರಬಹುದಿತ್ತು.

"ಸರ್, ಇನ್ನೊಂದು. ನಮ್ಮಕ್ಕನ ಕಥಿ ಖರೆ ಅಲ್ಲರಿ. ಆಕಿ ಅತ್ತಿಲ್ಲ. ನಾ ಕಟ್ಟಿ ಹೇಳಿದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಕಥಿ ನಾ ಎಷ್ಟ ಕಡೆ ಹೇಳೀನಿ ಮೇಡಂ. ನನ್ನ ಮಗಳಿಗೂ ಹೇಳೀನಿ. ಆಕಿ ಸಾಲ್ಯಾಗ ಭಾಷಣ ಮಾಡ್ಯಾಳ ಅದರ ಮ್ಯಾಲ."

"ಇನ್ನ ಹೇಳಬ್ಯಾಡ್ರಿ ಸರ್."

"ನಾ ಹೇಳಂಗಿಲ್ಲ. ಕೇಳಿದವ್ರು ಹೇಳ್ತಾರಲ್ಲರಿ?"

ಅದಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ, ಈಗಲೂ ಇಲ್ಲ. ಕಟ್ಟಿದ ಬಾಗಿಲನ್ನು ಕಿತ್ತು ತಿರುಗಿಸಿ ಕೂರಿಸಬಹುದು. ಮುಂಡರಗಿಯ ಬಸ್ಸಿನಲ್ಲಿ ಒಮ್ಮೆ ನನ್ನ ಹಿಂದಿನ ಸೀಟಿನ ಹೆಂಗಸರಿಬ್ಬರು ಆ ಕಥೆಯನ್ನೇ ಮಾತಾಡಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಆ ಕಥೆಯಲ್ಲಿ ಅಪ್ಪನೂ ಅಳತೊಡಗಿದ್ದ. ನಾನು ಹೊರಳಿ ನೋಡಿ, ಹಾಗಲ್ಲ ಎನ್ನಬೇಕೆಂದುಕೊಂಡೆ. ಆಗಲಿಲ್ಲ, ಬೆಟಗೇರಿ ಬಂತು, ಇಳಿದೆ.

ತಿದ್ದುಪಡಿಯ ಕೆಲಸಕ್ಕೆ ಮೊದಲು, ಈ ಸಲ ನೀನು ಬಂದು ನೋಡಬೇಕೆಂದು ಅಕ್ಕನನ್ನು ಕೇಳಿದೆ. ಬರುವುದಿಲ್ಲವೆಂದಳು.

"ಕುಂಟರು ಅಂದ್ರ ನಾ ಒಬ್ಬಾಕೀನ ಏನು ನಿನಗ? ಬೆಳ್ಳಟ್ಯಾಗ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಾಕಿ ಅದಾಳ. ಬಾಯಿ ಜೋರು. ಆಕೀನ ಕರಿ."

ಆ ಹೆಂಗಸಿಗೆ ಹುಟ್ಟಿನಿಂದ ಎರಡೂ ಕಾಲಿಗೆ ಬಲವಿಲ್ಲ. ಬೆಳ್ಳಟ್ಟಿಯಲ್ಲಿ ಹೊಲಿಗೆ ಕಲಿಸುತ್ತಾಳೆ. ಕೈಯಿಂದ ಓಡಿಸುವ ಮೂರು ಗಾಲಿಯ ಸೈಕಲ್ಲನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದಳು. ಅವಳು ಗಾಡಿಯಿಂದ ಗೋಡೆಯ ಹಿಡಿಕೆಗೆ, ಹಿಡಿಕೆಯಿಂದ ಕಮೋಡಿಗೆ ಸರಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಹೆಣ್ಣು ನೋಡಾಕ ಬಂದವ್ರಂಗ ನೋಡಬ್ಯಾಡ್ರಿ ಯಕ್ಕಾ, ಆ ಕಡೆ ಹೊಳ್ರಿ," ಎಂದು ಗದರಿದಳು. ಆಮೇಲೆ ಒಳಗಿನಿಂದಲೇ ಒಂದೊಂದಾಗಿ ಕೂಗಿ ಹೇಳಿದಳು. ಚಿಲಕ ಎತ್ತರವಾಯಿತು. ಹಿಡಿಕೆ ಎಡಗಡೆಯೂ ಬೇಕು, ಎಲ್ಲರಿಗೂ ಬಲಗೈಯಲ್ಲೇ ಶಕ್ತಿ ಇರುವುದಿಲ್ಲ. ಬಚ್ಚಲ ನೀರು ಹೊರಗೆ ಹರಿದು ನೆಲ ಜಾರುತ್ತದೆ. ನಾನು ಆ ಕಡೆ ಮುಖ ಮಾಡಿ ನಿಂತು ಬರೆದುಕೊಂಡೆ. ಎಲ್ಲವನ್ನೂ ಮಾಡಿಸಿದೆ. ಕಾವಲಿನವರಿಗೆ ಒಂದೇ ಮಾತು ಹೇಳಿದೆ, ಪೊರಕೆಯನ್ನು ಕೂಡ ಆ ಕೋಣೆಯಲ್ಲಿ ಇಡಬಾರದು. ಅವರು ನಕ್ಕು, ಆತ್ರಿ ಎಂದರು. ಮೊದಲು ನಾನೇ ಅಲ್ಲವೇ ಇಡಿಸಿದ್ದು ಎಂಬ ನಗೆ ಅದು ಎಂದು ನನಗೆ ಅನಿಸಿತು. ಇರಲಿಕ್ಕಿಲ್ಲ.

ಎಲ್ಲ ಮುಗಿದಿದೆ ಎಂದು ಅಕ್ಕನಿಗೆ ಹೇಳಿದೆ. "ಚೊಲೊ ಆತು," ಎಂದಳು. ನೋಡಲು ಬರುತ್ತೇನೆ ಎನ್ನಲಿಲ್ಲ, ನಾನೂ ಕರೆಯಲಿಲ್ಲ. ಹಬ್ಬಕ್ಕೆ ಹೋಳಿಗೆ ಕೊಡಲು ಹೋದಾಗ, ಅವಳು ನಮ್ಮ ಮನೆಗೆ ಬಂದಾಗ, ಎಂದಿನಂತೆ ಮಾತು, ನಗೆ ಎಲ್ಲ ಇತ್ತು. ಗುಡ್ಡದ ಮಾತು ಮಾತ್ರ ಇಬ್ಬರ ನಡುವೆ ಬರುತ್ತಿರಲಿಲ್ಲ. ಅವಳು ನೀರಿನ ಲೋಟ ಎತ್ತಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗು​ತ್ತಿತ್ತು. ಒಂದು ದಿನ ಅವಳು, "ಏನ್ ಹಂಗ ನೋಡ್ತಿ, ಕುಡೀತೀನಿ," ಎಂದು ಸಿಡುಕಿದಳು.

ಬೇಸಿಗೆ ರಜೆಗೆ ಸ್ವಲ್ಪ ಮೊದಲು ಒಂದು ಸಂಜೆ ಅವಳ ಮನೆಗೆ ಹೋದಾಗ ಮಾಮಾ ಅಂಗಳದಲ್ಲಿ ಕೂತು ಗಾಡಿಯ ಗಾಲಿ ಬಿಚ್ಚುತ್ತಿದ್ದರು. ಅಕ್ಕ ಮಲಗಿದ್ದಾಳೆ ಎಂದರು.

"ಏನಾತ್ರಿ, ಅರಾಮ ಇಲ್ಲೇನು?"

"ಅರಾಮ ಅದಾಳ. ದಣದಾಳ. ಸಾಲಿ ಹುಡುಗೂರನ್ನ ಕರಕೊಂಡು ಗುಡ್ಡಕ್ಕ ಹೋಗಿದ್ಲು ಇವತ್ತ. ಮುಂಜಾನೆ ಹೋಗಿ ಈಗ ಬಂದಾಳ."

ನನಗೆ ಹೇಳಿರಲಿಲ್ಲ. ಹೇಳಬೇಕೆಂದೇನೂ ಇರಲಿಲ್ಲ. ಆದರೂ ನನ್ನನ್ನು ಬಿಟ್ಟು ಹೋದಳಲ್ಲ ಎನಿಸಿತು, ಹಾಗೆ ಅನಿಸಿತಲ್ಲ ಎಂದು ನಾಚಿಕೆಯೂ ಆಯಿತು. ಮಾಮಾ ಒಂದು ಸೂಜಿಯಿಂದ ಗಾಲಿಯ ನಡುವಿನ ಗುಂಬದಲ್ಲಿ ಸಿಕ್ಕ ಕೆಂಪು ಮಣ್ಣನ್ನು ಕೆದರಿ ತೆಗೆಯುತ್ತಿದ್ದರು. ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಗಾಲಿ ಹಿಡಿದುಕೊಂಡೆ.

"ಏನಂದ್ಲು?" ಎಂದು ಕೇಳಿದೆ.

"ನನ್ನ ಮುಂದೇನೂ ಅನ್ನಲಿಲ್ಲವಾ. ಬಂದಾಕೀನ ಹಾಸಿಗಿ ಮ್ಯಾಲ ಬಿದ್ಲು. ಆಕಿ ಎದ್ದಮ್ಯಾಲ ನೀನ ಕೇಳು. ಎಬ್ಬಿಸ್ಲೇನು?"

"ಬ್ಯಾಡ್ರಿ ಮಾಮಾ, ಮಲಗ್ಲಿ."

ನಾನು ಅವಳು ಏಳುವವರೆಗೂ ಕೂತೆ. ಅವಳು ಎದ್ದು, ಹಳೆಯ ಕ್ಯಾಲಿಪರ್ ಕಟ್ಟಿಕೊಂಡು, ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತು, ಯಾವಾಗ ಬಂದಿ ಎಂದು ಕೇಳಿದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು. ಈಗಷ್ಟೇ ಬಂದೆ ಎಂದೆ. ಹುಡುಗರು ಹೇಗಿದ್ದರು, ದಾರಿ ಹೇಗಿತ್ತು, ಆ ಕೋಣೆಗೆ ಹೋದೆಯಾ, ಮೇಲೆ ಎಷ್ಟು ಹೊತ್ತು ಕೂತೆ ಎಂದೆಲ್ಲ ಕೇಳಲು ಬಾಯಿಗೆ ಬಂದಿತ್ತು. ಅವಳಾಗಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ರೊಟ್ಟಿ ಬಡಿಯಬೇಕು, ಹಿಟ್ಟು ನಾದಿಕೊಡು ಬಾ ಎಂದಳು. ನಾನು ಕೈಯಲ್ಲಿನ ಮಣ್ಣು ತೊಳೆದುಕೊಂಡು ಒಳಗೆ ಹೋದೆ.